ನಿಮ್ಮ ರಿಮೋಟ್‌ನೊಳಗೊಂದು ಗುಡ್ಡ ಇದೆ

ರಿಮೋಟ್ ಒತ್ತಿದ್ರೂ ಚಾನೆಲ್ ಬದಲಾಗದೇ ಇದ್ದಾಗ ಇಡೀ ಕರ್ನಾಟಕ ಮಾಡೋ ಕೆಲಸ ಒಂದೇ. ಮೊದಲು ರಿಮೋಟ್ ಬೆನ್ನಿಗೆ ಎರಡು ಏಟು. ಆಮೇಲೆ ಮುಚ್ಚಳ ತೆಗೆದು ಸೆಲ್ ಎರಡನ್ನೂ ಬೆರಳಲ್ಲಿ ಉರುಳಿಸೋದು. ಅದಕ್ಕೂ ಬಗ್ಗದಿದ್ರೆ ಬಿಸಿಲಿಗೆ ಇಡೋದು. ಕೊನೆಗೆ, ಬೇರೆ ದಾರಿಯೇ ಇಲ್ಲ ಅಂದಾಗ ಅಂಗಡಿಗೆ ಹೋಗಿ ಹೊಸ ಸೆಲ್ ತರೋದು. ಹಳೆಯದು? ಕಿಟಕಿಯಿಂದ ಆಚೆ. ಅಲ್ಲಿಗೆ ಅದರ ಕಥೆ ಮುಗೀತು ಅಂತ ನಾವು ತಿಳ್ಕೊಂಡಿದ್ದೀವಿ.

ಮುಗಿದಿಲ್ಲ ಸ್ವಾಮಿ. ಆ ಕಥೆ ಶುರುವಾದದ್ದೇ ಭೂಮಿಯೊಳಗೆ, ಒಂದು ಕರಿ ಕಲ್ಲಿನಿಂದ. ಆ ಕಲ್ಲನ್ನು ಕಣ್ಣಾರೆ ನೋಡಬೇಕು ಅಂದ್ರೆ ಹೊಸಪೇಟೆಯಿಂದ ದಕ್ಷಿಣಕ್ಕೆ ಸಂಡೂರಿನ ದಾರಿ ಹಿಡಿಯಬೇಕು.

ಸಂಡೂರು ಅಂದ ತಕ್ಷಣ ಟಿವಿ ನೋಡೋ ಜನರಿಗೆ ನೆನಪಾಗೋದು ಕೆಂಪು. ಕೆಂಪು ಧೂಳು, ಕೆಂಪು ಲಾರಿ, ಕೆಂಪಾದ ಮರದ ಎಲೆ. ಕಬ್ಬಿಣದ ಅದಿರು. 2011ರ ಲೋಕಾಯುಕ್ತ ವರದಿ, ಅದೇ ವರ್ಷ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿದ ಆದೇಶ. ಇದನ್ನೆಲ್ಲ ನಾವು ಚಾನೆಲ್‌ಗಳಲ್ಲಿ ಗಂಟೆಗಟ್ಟಲೆ ಹೇಳಿದ್ದೀವಿ, ನೀವು ನೋಡಿದ್ದೀರಿ. ಆದರೆ ಆ ಕೆಂಪು ಗುಡ್ಡಗಳ ನಡುವೆಯೇ ಇನ್ನೊಂದು ಬಣ್ಣ ಇದೆ. ಕಪ್ಪು. ಮುಟ್ಟಿದ್ರೆ ಕೈಗೆ ಮಸಿ ಮೆತ್ತಿಕೊಳ್ಳುವ ಕಪ್ಪು. ಅದು ಮ್ಯಾಂಗನೀಸ್. ಅದರ ಬಗ್ಗೆ ಯಾರೂ ಪ್ಯಾನೆಲ್ ಡಿಸ್ಕಶನ್ ಮಾಡಿಲ್ಲ!

ಬ್ರಿಟಿಷರ ಕಾಲದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಬೆಟ್ಟಗಳನ್ನು ಹತ್ತಿಳಿದು ಬಳ್ಳಾರಿ ಜಿಲ್ಲೆಯ ಭೂರಚನೆಯ ಮೇಲೆ ಬರೆದ ಗ್ರಂಥ 1895ರಲ್ಲಿ ಹೊರಬಂತು. ಆಗ ಸಂಡೂರು ಘೋರ್ಪಡೆ ಮನೆತನದ ಕೈಲಿದ್ದ ಪುಟ್ಟ ಸಂಸ್ಥಾನ. 20ನೇ ಶತಮಾನದ ಶುರುವಿನಲ್ಲಿ ಇಲ್ಲಿನ ಮ್ಯಾಂಗನೀಸ್ ಅಗೆಯೋದಕ್ಕೆ ಬಂದದ್ದು ಯಾರು ಗೊತ್ತಾ? ಇಂಗ್ಲಿಷರಲ್ಲ, ಬೆಲ್ಜಿಯಂನವರು. ಜನರಲ್ ಸಂಡೂರ್ ಮೈನಿಂಗ್ ಕಂಪನಿ ಅಂತ ಅದರ ಹೆಸರು. 1949ರಲ್ಲಿ ಸಂಸ್ಥಾನ ಭಾರತದಲ್ಲಿ ವಿಲೀನವಾಗಿ ಮದ್ರಾಸ್ ರಾಜ್ಯದ ಬಳ್ಳಾರಿ ಜಿಲ್ಲೆಗೆ ಸೇರಿತು. 1953ರ ಅಕ್ಟೋಬರ್ 1ಕ್ಕೆ ಬಳ್ಳಾರಿಯೇ ಮೈಸೂರು ರಾಜ್ಯಕ್ಕೆ ಬಂತು. ಮರುವರ್ಷ, 1954ರಲ್ಲಿ, ಸಂಡೂರ್ ಮ್ಯಾಂಗನೀಸ್ ಅಂಡ್ ಐರನ್ ಓರ್ಸ್ ಕಂಪನಿ ಹುಟ್ಟಿಕೊಂಡಿತು. ದೇವಗಿರಿ, ಕಮ್ಮತ್ತೂರು, ಈ ಹೆಸರುಗಳೆಲ್ಲ ಮ್ಯಾಂಗನೀಸ್ ನಕ್ಷೆಯ ಮೇಲೆ ಕೂತವು.

ಈಗ ನೀವು ಕೇಳಬಹುದು: ಈ ಮ್ಯಾಂಗನೀಸ್‌ಗೂ ನಮ್ಮ ರಿಮೋಟ್‌ಗೂ ಏನ್ ಸಂಬಂಧ? ಹೇಳ್ತೀನಿ. ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1800ನೇ ಇಸವಿ. ಇಟಲಿಯ ಅಲೆಸ್ಸಾಂಡ್ರೋ ವೋಲ್ಟಾ ಸತುವಿನ ಬಿಲ್ಲೆ, ಬೆಳ್ಳಿಯ ಬಿಲ್ಲೆ, ಮಧ್ಯೆ ಉಪ್ಪುನೀರಲ್ಲಿ ಅದ್ದಿದ ತುಂಡು, ಹೀಗೆ ಒಂದರ ಮೇಲೊಂದು ಪೇರಿಸಿ ನಿರಂತರವಾಗಿ ವಿದ್ಯುತ್ ಹರಿಯುವ ಹಾಗೆ ಮಾಡಿದ. ಜಗತ್ತಿನ ಮೊದಲ ಬ್ಯಾಟರಿ ಅದು. 'ವೋಲ್ಟ್' ಅನ್ನೋ ಪದ ಬಂದಿದ್ದೇ ಅವನ ಹೆಸರಿಂದ. ಆದರೆ ಅದು ಬೇಗ ಸುಸ್ತಾಗಿ ಹೋಗ್ತಿತ್ತು. 66 ವರ್ಷ ಕಳೆದ ಮೇಲೆ, 1866ರಲ್ಲಿ, ಜಾರ್ಜ್ ಲೆಕ್ಲಾಂಶೆ ಅನ್ನೋ ಫ್ರೆಂಚ್ ಇಂಜಿನಿಯರ್ ಒಂದು ಗಾಜಿನ ಜಾಡಿಯಲ್ಲಿ ನವಸಾಗರದ ನೀರು ತುಂಬಿದ. ಒಂದು ಕಡೆ ಸತುವಿನ ಕಡ್ಡಿ ಇಟ್ಟ. ಇನ್ನೊಂದು ಕಡೆ ಇಂಗಾಲದ ಕಡ್ಡಿ ನಿಲ್ಲಿಸಿ ಅದರ ಸುತ್ತ ಒಂದು ಕರಿ ಪುಡಿ ಒತ್ತಿದ. ಆ ಪುಡಿಯೇ ಮ್ಯಾಂಗನೀಸ್ ಡಯಾಕ್ಸೈಡ್! ಆ ಸೆಲ್ ಟೆಲಿಗ್ರಾಫ್‌ಗೆ ಹೇಳಿ ಮಾಡಿಸಿದ ಹಾಗಿತ್ತು. ಅದನ್ನು ಮೊದಮೊದಲು ಕೊಂಡುಕೊಂಡವರಲ್ಲಿ ಬೆಲ್ಜಿಯಂನ ಟೆಲಿಗ್ರಾಫ್ ಇಲಾಖೆಯೂ ಒಂದು. ಸಂಡೂರಿಗೆ ಮ್ಯಾಂಗನೀಸ್ ಹುಡುಕಿಕೊಂಡು ಬಂದವರೂ ಅದೇ ದೇಶದವರು. ಇದು ಕಾಕತಾಳೀಯವೇ ಇರಬಹುದು, ಆದ್ರೂ ಚರಿತ್ರೆ ಒಮ್ಮೊಮ್ಮೆ ಹೀಗೆ ಕಣ್ಣು ಮಿಟುಕಿಸತ್ತೆ.

ಸೆಲ್ಲೊಳಗೆ ನಡೆಯೋದೇನು? ಕೊಡು ಕೊಳ್ಳುವ ವ್ಯವಹಾರ, ಅಷ್ಟೇ. ಸತು ಎಲೆಕ್ಟ್ರಾನ್ ಕೊಡೋನು. ಮ್ಯಾಂಗನೀಸ್ ಡಯಾಕ್ಸೈಡ್ ಎಲೆಕ್ಟ್ರಾನ್ ತಗೊಳ್ಳೋನು. ಇವರಿಬ್ಬರ ನಡುವೆ ಹೊರಗಿನ ತಂತಿ ದಾರಿ. ಆ ದಾರಿಯಲ್ಲಿ ಬಲ್ಬ್ ಇಟ್ರೆ ಬೆಳಗತ್ತೆ, ರೇಡಿಯೋ ಇಟ್ರೆ ಹಾಡತ್ತೆ. ಕೊಡೋನ ಗಂಟು ಕರಗಿದ ದಿನ ಸೆಲ್ ಸತ್ತಿತು ಅಂತೀವಿ. ನಡುವಿರುವ ಇಂಗಾಲದ ಕಡ್ಡಿ ಬರೀ ಎಲೆಕ್ಟ್ರಾನ್ ದಾಟಿಸುವ ಸೇತುವೆ, ಅದು ವ್ಯವಹಾರದಲ್ಲಿ ಪಾಲುದಾರ ಅಲ್ಲ. ಆದರೆ ಅಂಗಡಿಯಲ್ಲಿ ಈ ಸೆಲ್‌ಗೆ ಏನಂತಾರೆ? 'ಕಾರ್ಬನ್ ಜಿಂಕ್'. ನೋಡಿ ಅನ್ಯಾಯ! ಹೆಸರು ಸೇತುವೆಗೆ. ದುಡಿದ ಮ್ಯಾಂಗನೀಸ್ ಹೆಸರು ಎಲ್ಲೂ ಇಲ್ಲ.

ಲೆಕ್ಲಾಂಶೆಯ ಜಾಡಿಯನ್ನು ಹೊತ್ತು ತಿರುಗೋ ಹಾಗಿರಲಿಲ್ಲ, ಬಿದ್ರೆ ನೀರು ಚೆಲ್ಲತ್ತೆ. 1886ರಲ್ಲಿ ಜರ್ಮನಿಯ ಕಾರ್ಲ್ ಗಾಸ್ನರ್ ಒಳಗಿನ ದ್ರವವನ್ನು ಗಟ್ಟಿ ಹಿಟ್ಟಿನ ಹಾಗೆ ಮಾಡಿ, ಸತುವಿನ ಕಡ್ಡಿಯ ಬದಲು ಸತುವಿನ ಡಬ್ಬಿಯನ್ನೇ ಬಳಸಿ, ಎಲ್ಲವನ್ನೂ ಅದರೊಳಗೆ ತುಂಬಿದ. ಅದೇ ಡ್ರೈ ಸೆಲ್. ಡಬ್ಬಿಯೇ ಆಹಾರ, ಡಬ್ಬಿಯೇ ಗೋಡೆ. ಅದಕ್ಕೇ ಹಳೇ ಸೆಲ್ ಸೋರೋದು. ಕೊಡೋನು ಕೊಟ್ಟು ಕೊಟ್ಟು ತನ್ನ ಮನೆ ಗೋಡೆಯನ್ನೇ ತೂತು ಮಾಡ್ಕೊಂಡಿರ್ತಾನೆ.

ಇನ್ನು ಸೈಜಿನ ವಿಚಾರ. 1898ರಲ್ಲಿ ಅಮೆರಿಕದ ನ್ಯಾಷನಲ್ ಕಾರ್ಬನ್ ಕಂಪನಿ ಕೈಲಿ ಹಿಡಿಯೋ ದೀಪಕ್ಕೆ ಅಂತಲೇ ಒಂದು ದಪ್ಪ ಸೆಲ್ ತಂತು. ನಮ್ಮ ಮನೆಗಳ ದೊಡ್ಡ ಟಾರ್ಚಿನ ಸೆಲ್ ಅದೇ. ವ್ಯಾಸ ಸುಮಾರು 34 ಮಿಲಿಮೀಟರ್, ಉದ್ದ ಸುಮಾರು 61 ಮಿಲಿಮೀಟರ್. ಮುಂದೆ ಒಂದೊಂದು ಕಂಪನಿಯೂ ಒಂದೊಂದು ಅಳತೆ ಮಾಡೋಕೆ ಹೋಗಿ ಗೊಂದಲ ಆಯ್ತು. 1924ರಲ್ಲಿ ಅಮೆರಿಕದ ತಯಾರಕರು ಮತ್ತು ಸರ್ಕಾರಿ ಸಂಸ್ಥೆಗಳು ಕೂತು ಅಕ್ಷರದ ಹೆಸರಿಟ್ಟರು. ಸಣ್ಣದು ಎ, ಅದಕ್ಕಿಂತ ದೊಡ್ಡದು ಬಿ, ಹಾಗೇ ಸಿ, ಡಿ. ಕಾಲ ಕಳೆದಂತೆ 'ಎ'ಗಿಂತಲೂ ಸಣ್ಣ ಸೆಲ್‌ಗಳು ಲೆಕ್ಕಕ್ಕೆ ಬಂದವು. ಎ ಹಿಂದೆ ಅಕ್ಷರವೇ ಇಲ್ಲವಲ್ಲ, ಏನ್ ಮಾಡೋದು? ಎ ಪಕ್ಕ ಇನ್ನೊಂದು ಎ ಬರೆದರು. ಎಎ. ಅದಕ್ಕಿಂತ ಸಣ್ಣದಕ್ಕೆ ಎಎಎ. ಎ ಮತ್ತು ಬಿ ಬಳಸೋ ಯಂತ್ರಗಳು ಮಾರುಕಟ್ಟೆಯಿಂದ ಹೋದವು, ಆ ಸೆಲ್‌ಗಳೂ ಹೋದವು. ಅದಕ್ಕೇ ಇವತ್ತು ಅಂಗಡಿಯಲ್ಲಿ ಡಬಲ್ ಎ ಇದೆ, ಸಿಂಗಲ್ ಎ ಇಲ್ಲ!

ನಮ್ಮ ಹೊಸಪೇಟೆ, ಕಂಪ್ಲಿಯ ಅಂಗಡಿಗಳಲ್ಲಿ ಈ ಅಕ್ಷರಗಳನ್ನು ಯಾರು ಕೇಳ್ತಾರೆ? ದೊಡ್ಡ ಸೆಲ್ ಕೊಡಿ, ಮೀಡಿಯಂ ಸೆಲ್ ಕೊಡಿ, ಪೆನ್ಸಿಲ್ ಸೆಲ್ ಕೊಡಿ, ರಿಮೋಟ್ ಸೆಲ್ ಕೊಡಿ. ಮುಗೀತು. ದೊಡ್ಡದು ಡಿ, ಮೀಡಿಯಂ ಸಿ, ಪೆನ್ಸಿಲ್ ಎಎ, ಸಣ್ಣ ಪೆನ್ಸಿಲ್ ಎಎಎ. ಸೆಲ್ಲಿನ ಮೈಮೇಲೆ ಇನ್ನೂ ಎರಡು ಲಿಪಿ ಇರತ್ತೆ, ಕನ್ನಡಕ ಹಾಕ್ಕೊಂಡು ನೋಡಿ. ಅಂತರರಾಷ್ಟ್ರೀಯ ಮಾನದಂಡದಲ್ಲಿ ಡಿ ಅಂದ್ರೆ ಆರ್20, ಎಎ ಅಂದ್ರೆ ಆರ್6, ಎಎಎ ಅಂದ್ರೆ ಆರ್03. ಆರ್ ಅಂದ್ರೆ ದುಂಡಗಿನದು. ಇನ್ನು ಯುಎಂ-1, ಯುಎಂ-3 ಅಂತ ಇದ್ರೆ ಅದು ಜಪಾನಿನ ಲೆಕ್ಕ. ಒಂದು ಪುಟ್ಟ ಸೆಲ್, ಮೂರು ಖಂಡಗಳ ವಿಳಾಸ.

ಹಳ್ಳಿಗೆ ಬನ್ನಿ. ಅಲ್ಲಿ 'ಬ್ಯಾಟ್ರಿ' ಅಂದ್ರೆ ಟಾರ್ಚು. ಅದರೊಳಗೆ ಹಾಕೋದು 'ಶೆಲ್ಲು'. ಪೇಟೆಯವರು ಇದನ್ನು ಕೇಳಿ ನಗ್ತಾರೆ. ನಗಬೇಡಿ. ವಿಜ್ಞಾನದ ಪ್ರಕಾರ ಹಳ್ಳಿಯವರೇ ಸರಿ! ಒಂಟಿಯಾಗಿದ್ರೆ ಅದು ಸೆಲ್. ಹಲವು ಸೆಲ್ ಸಾಲಾಗಿ ಜೋಡಿಸಿದ್ರೆ ಮಾತ್ರ ಬ್ಯಾಟರಿ. ಬ್ಯಾಟರಿ ಅನ್ನೋದು ಮೂಲದಲ್ಲಿ ತೋಪುಗಳ ಸಾಲಿಗೆ ಇದ್ದ ಹೆಸರು. ವಿದ್ಯುತ್ ತುಂಬಿದ ಜಾಡಿಗಳನ್ನು ಸಾಲಾಗಿ ಜೋಡಿಸಿದಾಗ ಬೆಂಜಮಿನ್ ಫ್ರಾಂಕ್ಲಿನ್ ಆ ಪದ ಬಳಸಿದ. ಮೂರು ಶೆಲ್ಲಿನ ಟಾರ್ಚು ಅಂದ್ರೆ ಒಂದೂವರೆ ವೋಲ್ಟಿನ ಮೂರು ಸೆಲ್ ಸಾಲಾಗಿ, ಒಟ್ಟು ನಾಲ್ಕೂವರೆ ವೋಲ್ಟ್. ಅದು ನಿಜವಾದ ಅರ್ಥದಲ್ಲಿ ಬ್ಯಾಟರಿ. ನಾವು ಚೌಕಾಕಾರದ್ದು ಅಂತ ಕರೆಯೋ 9 ವೋಲ್ಟಿನ ಬ್ಯಾಟರಿ ಒಡೆದು ನೋಡಿದ್ರೆ ಒಳಗೆ ಆರು ಪುಟ್ಟ ಸೆಲ್ ಇರ್ತವೆ. 1950ರ ದಶಕದಲ್ಲಿ ಟ್ರಾನ್ಸಿಸ್ಟರ್ ರೇಡಿಯೋಗಾಗಿ ಹುಟ್ಟಿದ ಸೈಜ್ ಅದು.

ಇಲ್ಲೊಂದು ಪ್ರಶ್ನೆ. ದೊಡ್ಡ ಸೆಲ್ಲೂ ಒಂದೂವರೆ ವೋಲ್ಟ್, ರಿಮೋಟ್ ಸೆಲ್ಲೂ ಒಂದೂವರೆ ವೋಲ್ಟ್. ಹಾಗಾದ್ರೆ ದೊಡ್ಡದಕ್ಕೆ ಹೆಚ್ಚು ದುಡ್ಡು ಯಾಕೆ ಕೊಡಬೇಕು? ಉತ್ತರ ಹೊಸಪೇಟೆಯ ಪಕ್ಕದಲ್ಲೇ ನಿಂತಿದೆ. ತುಂಗಭದ್ರಾ ಅಣೆಕಟ್ಟು. ಅಣೆಕಟ್ಟಿನ ಬಗ್ಗೆ ನಾವು ಎರಡು ಲೆಕ್ಕ ಹೇಳ್ತೀವಿ. ಒಂದು, ನೀರಿನ ಮಟ್ಟ ಎಷ್ಟು ಅಡಿ. ಎರಡು, ನೀರು ಎಷ್ಟು ಟಿಎಂಸಿ. ವೋಲ್ಟ್ ಅಂದ್ರೆ ಅಡಿ. ಸೆಲ್ಲಿನ ಸಾಮರ್ಥ್ಯ ಅಂದ್ರೆ ಟಿಎಂಸಿ. ಬಾವಿಯಲ್ಲೂ ಡ್ಯಾಮಲ್ಲೂ ನೀರಿನ ಮಟ್ಟ ಒಂದೇ ಇರಬಹುದು, ಆದರೆ ಬಾವಿ ನಂಬಿ ಕಾಲುವೆ ತೋಡೋಕಾಗತ್ತಾ?

ಇದೇ ಹೋಲಿಕೆಯನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ತಗೊಳ್ಳಿ. ತುಂಗಭದ್ರೆಯ ಪೂರ್ಣ ಮಟ್ಟ 1,633 ಅಡಿ. 1953ರಲ್ಲೂ ಅಷ್ಟೇ, ಈಗಲೂ ಅಷ್ಟೇ. ಆದರೆ ಆರಂಭದಲ್ಲಿ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ, ಹೂಳು ತುಂಬಿ 105.788 ಟಿಎಂಸಿಗೆ ಇಳಿದಿದೆ. ಅಡಿ ಅದೇ, ನೀರು ಕಡಿಮೆ. ನಿಮ್ಮ ಹಳೇ ಮೊಬೈಲ್ ಬ್ಯಾಟರಿಯೂ ಹೀಗೇ. ನೂರಕ್ಕೆ ನೂರು ಚಾರ್ಜ್ ಅಂತ ತೋರಿಸತ್ತೆ, ಮಧ್ಯಾಹ್ನದೊಳಗೆ ಖಾಲಿ. ಅದು ಸುಳ್ಳು ಹೇಳ್ತಿಲ್ಲ. ಒಳಗೆ ಹೂಳು ತುಂಬಿದೆ, ಅಷ್ಟೇ.

ಈಗ ಬಗೆಗಳ ವಿಚಾರ. ಅಂಗಡಿಯಲ್ಲಿ 'ಹೆವಿ ಡ್ಯೂಟಿ' ಅಂತ ದಪ್ಪಕ್ಷರದಲ್ಲಿ ಬರೆದ ಸೆಲ್ ನೋಡಿದಾಗ ಏನನ್ಸತ್ತೆ? ಭಾರೀ ಶಕ್ತಿಶಾಲಿ ಅಂತ. ಅಲ್ಲ. ಅದು ಕಾರ್ಬನ್ ಜಿಂಕ್ ಕುಟುಂಬದ್ದೇ, ಒಳಗಿನ ಹಿಟ್ಟು ಸ್ವಲ್ಪ ಬೇರೆ. ಅದಕ್ಕಿಂತ ಎರಡು ಮೂರು ಪಟ್ಟು ಬಾಳಿಕೆ ಬರೋದು ಆಲ್ಕಲೈನ್. ಕೆನಡಾದ ಲೂಯಿಸ್ ಅರ್ರಿ 1950ರ ದಶಕದಲ್ಲಿ ರೂಪಿಸಿದ ಸೆಲ್ ಅದು, 1959ರಲ್ಲಿ ಮಾರುಕಟ್ಟೆಗೆ ಬಂತು. ಆರ್6 ಹಿಂದೆ 'ಎಲ್' ಸೇರಿ ಎಲ್‌ಆರ್6 ಅಂತಿದ್ರೆ ಆಲ್ಕಲೈನ್. ಗೋಡೆ ಗಡಿಯಾರಕ್ಕೆ, ರಿಮೋಟ್‌ಗೆ ಸಾದಾ ಸೆಲ್ ಸಾಕು, ಅವು ಹನಿ ಹನಿ ಕುಡಿಯೋ ಯಂತ್ರಗಳು. ಮಕ್ಕಳ ಓಡೋ ಕಾರು, ಬಿಪಿ ನೋಡೋ ಯಂತ್ರ, ಇವಕ್ಕೆ ಆಲ್ಕಲೈನ್. ದಿನಾ ಬಳಸೋದಾದ್ರೆ ಮತ್ತೆ ಮತ್ತೆ ಚಾರ್ಜ್ ಮಾಡೋ ನಿಕಲ್ ಸೆಲ್. ಅದು 1.2 ವೋಲ್ಟ್ ಅಂತ ಬರೆದಿರತ್ತೆ, ಹೆದರಬೇಡಿ, ಬಹುತೇಕ ಯಂತ್ರಗಳಿಗೆ ಅದು ನಡೆಯತ್ತೆ. ಹಳೆಯದು ಒಂದು ಹೊಸದು ಒಂದು ಬೆರಕೆ ಮಾತ್ರ ಮಾಡಬೇಡಿ. ಜೋಡಿ ಎತ್ತಲ್ಲಿ ಒಂದು ಮುದಿ ಎತ್ತು ಕಟ್ಟಿದ ಹಾಗಾಗತ್ತೆ, ಮುದಿಯದ್ದು ಸೋರತ್ತೆ, ಯಂತ್ರ ಹಾಳಾಗತ್ತೆ.

ಆಮೇಲೆ ನಾಣ್ಯದ ಹಾಗಿರೋ ಬಟನ್ ಸೆಲ್. ಸಿಆರ್2032 ಅಂತ ಬರೆದಿರತ್ತೆ. 20 ಅಂದ್ರೆ 20 ಮಿಲಿಮೀಟರ್ ಅಗಲ, 32 ಅಂದ್ರೆ 3.2 ಮಿಲಿಮೀಟರ್ ದಪ್ಪ. ಸಂಖ್ಯೆಯೇ ಅಳತೆ. ಇದರ ಬಗ್ಗೆ ಒಂದು ಮಾತು ಮನಸ್ಸಿಟ್ಟು ಕೇಳಿ. ಮಗು ಇದನ್ನು ನುಂಗಿದ್ರೆ, ಗಂಟಲಲ್ಲಿ ಸಿಕ್ಕಿಕೊಂಡ್ರೆ, ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟು ಗಾಯ ಆಗಬಹುದು. ನಾಳೆ ಹೊರಗೆ ಬರತ್ತೆ ಬಿಡಿ ಅಂತ ಕಾಯಬಾರದು. ವಾಂತಿ ಮಾಡಿಸಬಾರದು. ಆ ಕ್ಷಣವೇ ಆಸ್ಪತ್ರೆ.

ಇಷ್ಟು ಬಗೆ ಹೇಳಿದ್ನಲ್ಲ, ಒಂದು ಸಂಗತಿ ಗಮನಿಸಿ. ಕಾರ್ಬನ್ ಜಿಂಕ್ ಒಳಗೆ ಮ್ಯಾಂಗನೀಸ್ ಡಯಾಕ್ಸೈಡ್. ಆಲ್ಕಲೈನ್ ಒಳಗೂ ಅದೇ. ಬಟನ್ ಸೆಲ್ಲಿನ ಮೇಲಿರೋ 'ಸಿ' ಅಕ್ಷರ ಹೇಳೋದೂ ಅದನ್ನೇ, ಲಿಥಿಯಂ ಜೊತೆ ಮ್ಯಾಂಗನೀಸ್ ಡಯಾಕ್ಸೈಡ್. ಎಲೆಕ್ಟ್ರಿಕ್ ಕಾರುಗಳ ಒಂದು ಜಾತಿಯ ಬ್ಯಾಟರಿಯಲ್ಲೂ ನಿಕಲ್, ಕೋಬಾಲ್ಟ್ ಜೊತೆ ಮ್ಯಾಂಗನೀಸ್ ಇದೆ. ಸೈಜ್ ಬದಲಾಯ್ತು, ಹೆಸರು ಬದಲಾಯ್ತು, 150 ವರ್ಷ ಕಳೀತು. ಕರಿ ಕಲ್ಲು ಬದಲಾಗಲಿಲ್ಲ.

ಹಾಗಂತ ಸಂಡೂರಿನ ಅದಿರೇ ನಿಮ್ಮ ರಿಮೋಟ್ ಒಳಗಿದೆ ಅಂತ ಹೇಳಿದ್ರೆ ಅದು ಉತ್ಪ್ರೇಕ್ಷೆ. ಸಂಡೂರಿನ ಮ್ಯಾಂಗನೀಸ್ ಕಬ್ಬಿಣ ಬೆರೆತದ್ದು, ಅದರ ಮುಖ್ಯ ದಾರಿ ಉಕ್ಕಿನ ಕುಲುಮೆ. ಹೊಸಪೇಟೆ ಹತ್ತಿರದ ವ್ಯಾಸನಕೆರೆಯಲ್ಲಿ ಅದನ್ನು ಕರಗಿಸಿ ಉಕ್ಕಿಗೆ ಬೆರೆಸುವ ಮಿಶ್ರಲೋಹ ಮಾಡ್ತಾರೆ. ಸೆಲ್‌ಗೆ ಬೇಕಾದ ಡಯಾಕ್ಸೈಡ್ ಅದಿರಿಗೆ ನಮ್ಮ ದೇಶದಲ್ಲಿ ಹೆಸರಾದದ್ದು ಮಹಾರಾಷ್ಟ್ರದ ಭಂಡಾರಾ ಜಿಲ್ಲೆಯ ಡೋಂಗ್ರಿ ಬುಜುರ್ಗ್ ಗಣಿ. ಆದರೆ ಕಲ್ಲಿನ ಕುಲ ಒಂದೇ. ಒಂದು ಸೆಲ್ ಬೇಕು ಅಂದ್ರೆ ಎಲ್ಲೋ ಒಂದು ಗುಡ್ಡ ಅಗೆಯಲೇಬೇಕು. ಗುಡ್ಡ ಅಗೆದ್ರೆ ಏನಾಗತ್ತೆ ಅಂತ ಸಂಡೂರಿನ ಜನಕ್ಕೆ ಯಾರೂ ಪಾಠ ಹೇಳಬೇಕಾಗಿಲ್ಲ.

ಇನ್ನು ಭಾರತಕ್ಕೆ ಸೆಲ್ ಬಂದ ಬಗೆ. ಮೊದಲು ಹಡಗಲ್ಲಿ ಬರ್ತಿತ್ತು. 1939ರ ಹೊತ್ತಿಗೆ ಕಲ್ಕತ್ತಾದಲ್ಲಿ ಎವರೆಡಿ ಸೆಲ್ ತಯಾರಿಕೆ ಶುರುವಾಯ್ತು. 1898ರಲ್ಲಿ ದೊಡ್ಡ ಸೆಲ್ ತಂದ ಅದೇ ಅಮೆರಿಕದ ಕಂಪನಿ 1917ರಲ್ಲಿ ಯೂನಿಯನ್ ಕಾರ್ಬೈಡ್ ಒಳಗೆ ಸೇರಿಕೊಂಡಿತ್ತು. ಹಾಗಾಗಿ ನಮ್ಮ ಅಜ್ಜಂದಿರ ಟಾರ್ಚಿನ ಸೆಲ್ ಮಾಡ್ತಿದ್ದದ್ದು ಯೂನಿಯನ್ ಕಾರ್ಬೈಡ್ ಇಂಡಿಯಾ. ಹೆಸರು ಕೇಳಿ ಮೈ ಜುಮ್ ಅಂತಲ್ವಾ? ಹೌದು, ಅದೇ ಕಂಪನಿ. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲದ ಅದರ ಕೀಟನಾಶಕ ಕಾರ್ಖಾನೆಯಿಂದ ವಿಷಾನಿಲ ಸೋರಿ ಸಾವಿರಾರು ಜನ ಸತ್ತರು. ಮನೆಗೆ ಬೆಳಕು ಕೊಟ್ಟ ಹೆಸರೂ ಅದೇ, ಒಂದು ಊರಿಗೆ ಕತ್ತಲು ತಂದ ಹೆಸರೂ ಅದೇ. 1994ರಲ್ಲಿ ಅಮೆರಿಕದ ಮೂಲ ಕಂಪನಿ ತನ್ನ ಪಾಲು ಮಾರಿ ಹೊರಟಿತು. ಕೋಲ್ಕತ್ತಾದ ಕೈಗೆ ಬಂದ ಮೇಲೆ ಅದಕ್ಕೆ ಎವರೆಡಿ ಇಂಡಸ್ಟ್ರೀಸ್ ಅಂತ ಹೊಸ ಹೆಸರಾಯ್ತು.

ಸೆಲ್ ನಮ್ಮ ಹಳ್ಳಿಗೆ ಕೊಟ್ಟದ್ದು ಕಮ್ಮಿ ಏನಲ್ಲ. ತುಂಗಭದ್ರಾ ಡ್ಯಾಮಿನ ಕೆಳಗೆ 1950ರ ದಶಕದ ಕೊನೆಗೆ ಕರೆಂಟ್ ತಯಾರಾಗ್ತಾ ಇತ್ತು, ಡ್ಯಾಮ್ ಹತ್ತಿರ ಒಂದು ಪವರ್ ಹೌಸ್, ಹಂಪಿ ಹತ್ತಿರ ಇನ್ನೊಂದು. ಆದರೆ ಸುತ್ತಲಿನ ಎಷ್ಟೋ ಮನೆಗಳಿಗೆ ಆ ಕರೆಂಟ್ ತಲುಪೋದಕ್ಕೂ ಮೊದಲೇ ಮೂರು ಶೆಲ್ಲಿನ ಬ್ಯಾಟ್ರಿ ತಲುಪಿತ್ತು, ನಾಲ್ಕು ಸೆಲ್ಲಿನ ರೇಡಿಯೋ ತಲುಪಿತ್ತು. 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿಯ ದನಿ, ಮುಂದೆ ಹೊಸಪೇಟೆಯದೇ ಆಕಾಶವಾಣಿಯ ದನಿ, ಹೊಲದ ಬದುವಿನ ಮೇಲೆ ಕೇಳಿದ್ದು ಸೆಲ್ಲಿನಿಂದ. ನಾವು ಟಿವಿಯವರು ಸುದ್ದಿ ಕೊಡೋಕೆ ಶುರು ಮಾಡಿದ್ದು ಆಮೇಲೆ. ಅದಕ್ಕೂ ಮುಂಚೆ ಸುದ್ದಿ ತಲುಪಿಸ್ತಾ ಇದ್ದದ್ದು ಈ ಸೆಲ್ಲೇ!

ಕಂಪ್ಲಿ ಕಡೆ ಭತ್ತ, ಕಬ್ಬು, ಬಾಳೆ. ರಾತ್ರಿ ಪಾಳಿಯಲ್ಲಿ ತ್ರೀ ಫೇಸ್ ಕರೆಂಟ್ ಕೊಟ್ರೆ ರೈತ ರಾತ್ರಿಯೇ ಪಂಪ್‌ಸೆಟ್ ಹತ್ತಿರ ಹೋಗಬೇಕು. ಗದ್ದೆ ಬದುವಿನ ಮೇಲೆ ಮಂಡಲದ ಹಾವು ಮಲಗಿರತ್ತೆ. ಅಲ್ಲಿ ಟಾರ್ಚ್ ಅನ್ನೋದು ಸಾಮಾನಲ್ಲ, ಜೀವ. ಸೆಲ್ ವೀಕ್ ಆದ ರಾತ್ರಿಯೇ ಕಾಲಿಟ್ಟ ಜಾಗದಲ್ಲಿ ಹಾವಿದ್ರೆ? ನಾವು ರಿಮೋಟ್‌ಗೆ ಏಟು ಕೊಟ್ಟು ನಗ್ತೀವಿ. ಆ ಮನುಷ್ಯನಿಗೆ ಒಂದೂವರೆ ವೋಲ್ಟ್ ಅನ್ನೋದು ಮನೆಗೆ ವಾಪಸ್ ಬರೋದರ ಲೆಕ್ಕ.

ಸತ್ತ ಸೆಲ್‌ಗೂ ಆಗ ಒಂದು ಬಾಳು ಇತ್ತು. ಹಳೇ ಸೆಲ್ ಒಡೆದು, ಕರಿ ಪುಡಿ ತೆಗೆದು, ಸೊಪ್ಪಿನ ರಸದಲ್ಲಿ ಕಲಸಿ ಶಾಲೆಯ ಬೋರ್ಡಿಗೆ ಬಳಿದ ಕೈಗಳು ಇವತ್ತಿಗೂ ಬೇಕಾದಷ್ಟಿವೆ. ಒಳಗಿನ ಕಡ್ಡಿಯಲ್ಲಿ ನೆಲದ ಮೇಲೆ ಗೆರೆ ಎಳೆದು ಆಡಿದ್ದೂ ಉಂಟು. ಅಂದ್ರೆ, ಗೊತ್ತಿಲ್ಲದೆ, ನಮ್ಮ ಮಕ್ಕಳು ಅ ಆ ಇ ಈ ಬರೆದದ್ದು ಮ್ಯಾಂಗನೀಸ್ ಮೇಲೆ! ಆದರೆ ಈಗ ಯಾರೂ ಸೆಲ್ ಒಡೆಯಬೇಡಿ, ಮಕ್ಕಳ ಕೈಗಂತೂ ಕೊಡಲೇಬೇಡಿ. ಆಲ್ಕಲೈನ್ ಸೆಲ್ಲಿನ ಒಳಗಿರೋದು ಚರ್ಮ ಸುಡುವ ಕ್ಷಾರ. ಮೊಬೈಲ್ ಬ್ಯಾಟರಿ ಚುಚ್ಚಿದ್ರೆ ಬೆಂಕಿಯೇ ಹತ್ತಬಹುದು.

ಹಂಪಿಗೆ ಹೋಗಿ ನೋಡಿ. 1986ರಿಂದ ವಿಶ್ವ ಪರಂಪರೆಯ ತಾಣ. ವಿಜಯ ವಿಠ್ಠಲನ ಗುಡಿಗೆ ಹೋಗೋ ದಾರಿಯಲ್ಲಿ ಹೊಗೆ ಬಿಡೋ ವಾಹನ ಬೇಡ ಅಂತ ಬ್ಯಾಟರಿ ಗಾಡಿ ಓಡಿಸ್ತಾರೆ, ಓಡಿಸೋರಲ್ಲಿ ಹೆಣ್ಣುಮಕ್ಕಳಿದ್ದಾರೆ. ಕಲ್ಲಿನ ರಥ ಕಾಪಾಡೋಕೆ ಬ್ಯಾಟರಿ ರಥ. ಒಳ್ಳೇ ಕೆಲಸ. ಈ ಗಾಡಿ, ಕಾರು, ಇನ್ವರ್ಟರ್‌ಗಳ ದೊಡ್ಡ ಬ್ಯಾಟರಿ ಸತ್ತಾಗ ಏನಾಗತ್ತೆ? ಯಾರೂ ಚರಂಡಿಗೆ ಎಸೆಯಲ್ಲ. ಗುಜರಿಯವನೇ ಮನೆ ಬಾಗಿಲಿಗೆ ಬರ್ತಾನೆ, ಯಾಕಂದ್ರೆ ಸೀಸಕ್ಕೆ ಬೆಲೆ ಇದೆ. ಅದೇ ಪೆನ್ಸಿಲ್ ಸೆಲ್? ಗುಜರಿಯವನೂ ಮುಟ್ಟಲ್ಲ. ಬೆಲೆ ಇದ್ದದ್ದು ವಾಪಸ್ ಬರತ್ತೆ, ಬೆಲೆ ಇಲ್ಲದ್ದು ಚರಂಡಿಗೆ ಹೋಗತ್ತೆ. ಚರಂಡಿಯ ದಾರಿ ಇಳಿಜಾರಿಗೆ. ಈ ಸೀಮೆಯಲ್ಲಿ ಇಳಿಜಾರಿನ ಕೊನೆಗೆ ಇರೋದು ತುಂಗಭದ್ರೆ. ಅದೇ ನೀರನ್ನು ನಾವು ಕುಡೀತೀವಿ.

ಅತಿರೇಕ ಮಾಡೋದು ಬೇಡ. ಇವತ್ತಿನ ಸಾದಾ ಸೆಲ್ ಹಿಂದಿನಷ್ಟು ವಿಷ ಅಲ್ಲ. ಪಾದರಸ ತೂಕದಲ್ಲಿ ಶೇಕಡಾ 0.0005 ಮೀರಬಾರದು, ಸಣ್ಣ ಬ್ಯಾಟರಿಗಳಲ್ಲಿ ಕ್ಯಾಡ್ಮಿಯಂ ಶೇಕಡಾ 0.002 ಮೀರಬಾರದು ಅಂತ ಕಾನೂನೇ ಇದೆ. 2001ರ ನಿಯಮ ಸೀಸದ ಬ್ಯಾಟರಿಗೆ ಮಾತ್ರ ಇತ್ತು. 2022ರ ಆಗಸ್ಟ್‌ನಲ್ಲಿ ಬಂದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮ ಎಲ್ಲ ಬ್ಯಾಟರಿಗಳಿಗೂ ಅನ್ವಯ. ನಿಮ್ಮ ರಿಮೋಟ್‌ನ ಪುಟ್ಟ ಸೆಲ್‌ಗೂ! ತಯಾರಿಸಿದ ಕಂಪನಿಯೇ ಹಳೆಯದನ್ನು ವಾಪಸ್ ಪಡೆದು ಮರುಬಳಕೆಗೆ ಕಳಿಸೋ ಹೊಣೆ ಹೊರಬೇಕು. ಬಳಸಿದವರು ಅದನ್ನು ಬೇರೆ ಕಸದ ಜೊತೆ ಸೇರಿಸದೆ ಬೇರೆಯಾಗಿ ಕೊಡಬೇಕು. ಸೆಲ್ಲಿನ ಮೇಲೆ ಕಸದ ಡಬ್ಬಿಗೆ ಗೀಟು ಹಾಕಿದ ಚಿತ್ರ ಇರೋದು ಅದಕ್ಕೇ.

ಕಾನೂನು ಕಾಗದದ ಮೇಲಿದೆ. ಸರಿ, ಹೊಸಪೇಟೆಯಲ್ಲಿ ಕೈಲಿ ನಾಲ್ಕು ಸತ್ತ ಸೆಲ್ ಹಿಡ್ಕೊಂಡು ನಿಂತ ಮನುಷ್ಯ ಎಲ್ಲಿಗೆ ಹೋಗಬೇಕು? 2021ರಲ್ಲಿ ವಿಜಯನಗರ ಜಿಲ್ಲೆ ಆಯ್ತು, ಹೊಸಪೇಟೆ ಜಿಲ್ಲಾ ಕೇಂದ್ರ ಆಯ್ತು. ಕಚೇರಿಗಳು ಬಂದವು, ಬೋರ್ಡುಗಳು ಬಂದವು. ಸೆಲ್ ಮಾರೋ ಅಂಗಡಿಗಳಲ್ಲಿ ಒಂದು ಡಬ್ಬಿ ಇಡಿಸೋದು ಅಷ್ಟು ದೊಡ್ಡ ಕೆಲಸವಾ? ಸಂಡೂರು, ಕಂಪ್ಲಿಯ ಒಂದೊಂದು ಶಾಲೆಯಲ್ಲಿ ಒಂದೊಂದು ಡಬ್ಬಿ, ಹಂಪಿಯಲ್ಲಿ ಪ್ರವಾಸಿಗರ ಗಾಡಿ ನಿಲ್ಲೋ ಜಾಗದಲ್ಲಿ ಒಂದು ಡಬ್ಬಿ, ಇದಕ್ಕೆ ಕ್ಯಾಬಿನೆಟ್ ಮೀಟಿಂಗ್ ಬೇಕಾ?

ಯಾಕೆ ಇಷ್ಟು ಹೇಳ್ತಿದ್ದೀನಿ ಅಂದ್ರೆ, ಆ ಡಬ್ಬಿಯಲ್ಲಿ ಬೀಳೋದು ಕಸ ಅಲ್ಲ. ಸತು ಇದೆ, ಉಕ್ಕಿದೆ, ಮ್ಯಾಂಗನೀಸ್ ಇದೆ. ಸೆಲ್ ಸತ್ತ ಮಾತ್ರಕ್ಕೆ ಲೋಹ ಸಾಯಲ್ಲ. ಅಗೆದು, ಪುಡಿ ಮಾಡಿ, ತೊಳೆದು, ಸಾವಿರಾರು ಮೈಲಿ ಸಾಗಿಸಿದ ಗುಡ್ಡದ ಚೂರು ಅದು. ಅದನ್ನು ಚರಂಡಿಗೆ ಎಸೆದು, ಮತ್ತೆ ಹೊಸ ಚೂರಿಗಾಗಿ ಇನ್ನೊಂದು ಗುಡ್ಡಕ್ಕೆ ಕೈ ಹಾಕೋದು ಯಾವ ಬುದ್ಧಿವಂತಿಕೆ? ಸಂಡೂರಿನ ಬೆಟ್ಟಗಳನ್ನು ನೋಡಿದವರು ಈ ಪ್ರಶ್ನೆಯನ್ನು ಎಲ್ಲರಿಗಿಂತ ಮೊದಲು ಕೇಳಬೇಕು. ಕೇಳುವ ಹಕ್ಕು ಅವರಿಗಿದೆ.

ಅಷ್ಟರವರೆಗೆ ಒಂದು ಕೆಲಸ ಮಾಡಿ. ಮನೆಯಲ್ಲಿ ಒಂದು ಖಾಲಿ ಪ್ಲಾಸ್ಟಿಕ್ ಡಬ್ಬಿ ತಗೊಳ್ಳಿ. ಮಕ್ಕಳ ಕೈಗೆ ಸಿಗದ ಹಾಗೆ ಮೇಲೆ ಇಡಿ. ಬಟನ್ ಸೆಲ್‌ಗೆ ಎರಡೂ ಕಡೆ ಟೇಪ್ ಅಂಟಿಸಿ ಹಾಕಿ. ತುಂಬಿದ ದಿನ ಆ ಡಬ್ಬಿಯನ್ನು ಸೀದಾ ಸೆಲ್ ಕೊಂಡ ಅಂಗಡಿಗೋ, ನಗರಸಭೆಗೋ ತಗೊಂಡು ಹೋಗಿ ಮೇಜಿನ ಮೇಲಿಟ್ಟು, ಇದನ್ನು ಎಲ್ಲಿಗೆ ಕಳಿಸ್ತೀರಿ ಅಂತ ಒಂದೇ ಒಂದು ಪ್ರಶ್ನೆ ಕೇಳಿ. ಹತ್ತು ಜನ ಕೇಳಿದ್ರೆ ಉತ್ತರ ಹುಡುಕಲೇಬೇಕಾಗತ್ತೆ.